ರೈಲು ಹತ್ತಿ ಬಂದ ಎಲ್ಕ್‌ಗಳ ಊರು

ಡೆನ್ವರ್ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ರಜೆಯ ಮಟ್ಟಿಗೆ ಎರಡು ಪಂಗಡಗಳಿವೆ. ಪ್ರತಿ ಸಲ ಹೊಸ ಊರು ನೋಡಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವವರದು ಒಂದು, ನೋಡಿದ್ದನ್ನೇ ನೋಡುವವರದು ಇನ್ನೊಂದು. ನಾವು ಎರಡನೆಯವರು, ಅದರಲ್ಲೂ ಹಟಮಾರಿಗಳು. ಮಕ್ಕಳಿಗೆ ಶರತ್ಕಾಲದ ರಜೆ ಬಂತೆಂದರೆ ಹೊರಡುವುದು ಎಸ್ಟಸ್ ಪಾರ್ಕ್ ಎಂಬ ಬೆಟ್ಟದೂರಿಗೇ. "ಮತ್ತೆ ಅಲ್ಲಿಗೇ? ಅಂಥದ್ದೇನಿದೆ ಅಲ್ಲಿ?" ಎಂದು ಸ್ನೇಹಿತರು ಕೇಳುತ್ತಾರೆ. ಬೆಟ್ಟ ಇದೆ, ಹೊಳೆ ಇದೆ, ಕೆರೆ ಇದೆ, ಕೊಂಬಿನ ಮೃಗಗಳಿವೆ ಎಂದು ಹೇಳಿ ಸುಮ್ಮನಾಗುತ್ತೇನೆ. ನಿಜವಾದ ಉತ್ತರ ಸ್ವಲ್ಪ ಉದ್ದ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರವಾಸದ ಕರಪತ್ರಗಳು ಈ ಊರನ್ನು "ಮನುಷ್ಯ ಮುಟ್ಟದ ಪ್ರಕೃತಿ"ಯ ಬಾಗಿಲು ಎಂದು ಹೊಗಳುತ್ತವೆ. ಮನುಷ್ಯ ಇಷ್ಟೊಂದು ಮುಟ್ಟಿ, ಕೆಡಿಸಿ, ತೇಪೆ ಹಾಕಿ, ಮತ್ತೆ ಕೆಡಿಸಿ, ಮತ್ತೆ ಸರಿಮಾಡಿದ ಬೆಟ್ಟದೂರನ್ನು ನಾನಂತೂ ಬೇರೆ ಕಂಡಿಲ್ಲ. ಆ ತೇಪೆಗಳನ್ನು ನೋಡಲಿಕ್ಕೇ ನಾನು ಹೋಗುವುದು. ಮಕ್ಕಳು ಹೋಗುವುದು ಬೇರೆ ಕಾರಣಕ್ಕೆ. ನನ್ನ ಗಂಡ ಹೋಗುವುದು ಫೋನಿಗೆ ಸಿಗ್ನಲ್ ಸಿಗದ ಜಾಗಗಳಿಗಾಗಿ.

ಈ ಸಲ ಅಮ್ಮನೂ ಜೊತೆಗಿದ್ದಳು. ಸಕಲೇಶಪುರದ ಕಡೆಯವಳು, ಕಾಫಿ ತೋಟದ ನಡುವೆ ಬೆಳೆದವಳು. ಬೆಟ್ಟ ತೋರಿಸಿ ಅವಳನ್ನು ಬೆರಗುಗೊಳಿಸುವುದು ಸುಲಭವಲ್ಲ. ಅದೂ ನವರಾತ್ರಿಯ ದಿನಗಳು. ಬೊಂಬೆ ಕೂರಿಸುವ ಹೊತ್ತಿನಲ್ಲಿ ಬೆಟ್ಟ ಹತ್ತಲು ಹೊರಟಿದ್ದೀರಿ ಎಂಬ ಆಕ್ಷೇಪ ಬೌಲ್ಡರ್ ದಾಟುವವರೆಗೂ ನಡೆದಿತ್ತು. ಡೆನ್ವರಿನಿಂದ ದೂರ ಸುಮಾರು 70 ಮೈಲಿ. ಬೌಲ್ಡರ್ ದಾಟಿ, ಕೆಂಪು ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿರುವ ಲಯನ್ಸ್ ಎಂಬ ಸಣ್ಣ ಊರು ದಾಟಿದರೆ ರಸ್ತೆ ಏರತೊಡಗುತ್ತದೆ. ಒಂದು ತಿರುವಿನಲ್ಲಿ ಇಡೀ ಕಣಿವೆ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ: 7,522 ಅಡಿ ಎತ್ತರದಲ್ಲಿ ಬಟ್ಟಲಿನಾಕಾರದ ಊರು, ಹಿಂದೆ 14,259 ಅಡಿಯ ಲಾಂಗ್ಸ್ ಪೀಕ್, ಮುಂದೆ ನೀಲಿ ಕೆರೆ.

"ಕೆರೆ ಚೆನ್ನಾಗಿದೆ, ಯಾರು ಕಟ್ಟಿಸಿದ್ದು?" ಎಂದಳು ಅಮ್ಮ.

ಅಲ್ಲಿಗೆ ಮೊದಲ ಸಲ ಬಂದವರಲ್ಲಿ ಈ ಪ್ರಶ್ನೆ ಕೇಳಿದವರನ್ನು ನಾನು ಕಂಡಿರಲಿಲ್ಲ. ಎಲ್ಲರೂ ಅದು ಅನಾದಿ ಕಾಲದಿಂದ ಇರುವ ಸರೋವರವೆಂದೇ ನಂಬುತ್ತಾರೆ. ಏರಿ, ತೂಬು, ಕೋಡಿಗಳನ್ನು ನೋಡಿ ಬೆಳೆದ ಕಣ್ಣಿಗೆ ಮಾತ್ರ ಕಟ್ಟೆ ಕಾಣಿಸುತ್ತದೆ. ಲೇಕ್ ಎಸ್ಟಸ್ ನಿಜಕ್ಕೂ 1949ರಲ್ಲಿ ಮುಗಿದ ಒಲಿಂಪಸ್ ಅಣೆಕಟ್ಟಿನ ಹಿನ್ನೀರು. ಅದರಲ್ಲಿ ನಿಂತಿರುವ ನೀರಿನ ಬಹುಪಾಲು ಈ ಕಣಿವೆಯದ್ದೂ ಅಲ್ಲ. ಬೆಟ್ಟಸಾಲಿನ ಆಚೆ ಬದಿಯದ್ದು.

ಕತೆ ಹೀಗಿದೆ. ರಾಕಿ ಪರ್ವತಗಳ ನೆತ್ತಿಯ ಮೇಲೆ ಕಾಂಟಿನೆಂಟಲ್ ಡಿವೈಡ್ ಎಂಬ ಗೆರೆ ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಹನಿ ಪೆಸಿಫಿಕ್ ಕಡೆಗೆ, ಪೂರ್ವಕ್ಕೆ ಬಿದ್ದದ್ದು ಅಟ್ಲಾಂಟಿಕ್ ಕಡೆಗೆ. ಕೊಲೊರಾಡೋದಲ್ಲಿ ಮಳೆ, ಹಿಮ ಹೆಚ್ಚು ಬೀಳುವುದು ಪಶ್ಚಿಮದಲ್ಲಿ. ಜನ, ಹೊಲ, ನಗರಗಳು ಹೆಚ್ಚಾಗಿರುವುದು ಪೂರ್ವದಲ್ಲಿ. 1930ರ ದಶಕದ ಬರಗಾಲದಲ್ಲಿ ಬಯಲಿನ ರೈತರು ಕಂಗೆಟ್ಟಾಗ, ಬೆಟ್ಟವನ್ನೇ ಕೊರೆದು ಆ ನೀರನ್ನು ಈ ಕಡೆ ತರುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಆಲ್ವ ಬಿ. ಆಡಮ್ಸ್ ಸುರಂಗದ ಉದ್ದ 13 ಮೈಲಿಗಿಂತ ಸ್ವಲ್ಪ ಹೆಚ್ಚು. 1940ರಲ್ಲಿ ಎರಡೂ ತುದಿಗಳಿಂದ ಕೊರೆಯಲು ಶುರುಮಾಡಿ 1944ರಲ್ಲಿ ಬೆಟ್ಟದ ಹೊಟ್ಟೆಯೊಳಗೆ ಸಂಧಿಸಿದರು. 1947ರಲ್ಲಿ ನೀರು ಹರಿಯಿತು. ಸುರಂಗದ ನೆತ್ತಿಯ ಮೇಲಿರುವುದು ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ. ಮೇಲೆ ನಡೆದಾಡುವವರಿಗೆ ಕಾಲಡಿಯಲ್ಲಿ ಒಂದು ನದಿ ಹಿಮ್ಮುಖವಾಗಿ ಹರಿಯುತ್ತಿದೆ ಎಂಬ ಸುಳಿವೂ ಇರುವುದಿಲ್ಲ.

ಅಮ್ಮ ಇದನ್ನು ಕೇಳಿದ ರೀತಿಯೇ ಬೇರೆ. ಅವಳ ತಾಲ್ಲೂಕಿನ ಹಳ್ಳಗಳ ನೀರನ್ನೇ ಅಲ್ಲವೇ ಎತ್ತಿನಹೊಳೆ ಯೋಜನೆಯಲ್ಲಿ ಪೂರ್ವದ ಬಯಲುಸೀಮೆಗೆ ತಿರುಗಿಸುತ್ತಿರುವುದು! "ಆ ಕಡೆಯವರು ಸುಮ್ಮನಿದ್ದರೇ?" ಎಂದು ಕೇಳಿದಳು. ಸುಮ್ಮನಿರಲಿಲ್ಲ. ಪಶ್ಚಿಮದವರು ಜಗಳವಾಡಿ, ತಮ್ಮ ಪಾಲಿಗೆ ಬೇರೆಯದೇ ಒಂದು ಜಲಾಶಯ ಕಟ್ಟಿಕೊಡಬೇಕೆಂದು ಪಟ್ಟು ಹಿಡಿದರು. ಗ್ರೀನ್ ಮೌಂಟನ್ ಜಲಾಶಯ ಹುಟ್ಟಿದ್ದು ಹಾಗೆ. ಪೂರ್ವಕ್ಕೆ ಸುರಂಗದ ನೀರು ಹರಿಯುವುದಕ್ಕೆ ಮೊದಲೇ ಅದು ಮುಗಿದಿತ್ತು. "ಮೊದಲು ಕೊಟ್ಟು ಆಮೇಲೆ ತೆಗೆದುಕೊಂಡರು ಅನ್ನು" ಎಂದಳು ಅಮ್ಮ. ಕೆರೆಯ ದಂಡೆಯ ಮೇಲೆ ನಿಂತು ಅವಳು ಆಡಿದ ಈ ಮಾತು, ನಾನು ಓದಿದ ಫಲಕಗಳಿಗಿಂತ ಚುರುಕಾಗಿತ್ತು.

ನಾವು ಇಳಿದುಕೊಳ್ಳುವುದು ಅಡುಗೆಮನೆಯಿರುವ ಕಾಟೇಜಿನಲ್ಲಿ. ಈ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿದುಬಿಡುತ್ತದೆ. ಬರೀ ಪಾತ್ರೆಯಲ್ಲಿ ಬೇಳೆಗಿಟ್ಟರೆ ನೀರು ಕೊತಕೊತ ಕುದಿಯುತ್ತಲೇ ಇರುತ್ತದೆ, ಬೇಳೆ ಮಾತ್ರ ಕಲ್ಲಿನಂತೆಯೇ ಇರುತ್ತದೆ. ಹಾಗಾಗಿ ನಮ್ಮ ಸಾಮಾನಿನಲ್ಲಿ ಕುಕ್ಕರ್ ಖಾಯಂ ಸದಸ್ಯ. ಮೊದಲ ಸಂಜೆ ಅಮ್ಮ ಸಾರಿಗೆ ಬೇಳೆ ಇಟ್ಟು ಕಿಟಕಿಯ ಬಳಿ ನಿಂತಿದ್ದಳು. ಹೊರಗಿನಿಂದ ಉದ್ದನೆಯ, ಎತ್ತರಕ್ಕೇರುವ ಸದ್ದೊಂದು ಬಂತು. ಅವಳು ಹೋಗಿ ಒಲೆ ಆರಿಸಿದಳು. ಕುಕ್ಕರ್ ಇನ್ನೂ ಕೂಗಿರಲೇ ಇಲ್ಲ.

ಅದು ಎಲ್ಕ್, ಜಿಂಕೆ ಜಾತಿಯ ದೊಡ್ಡ ಮೃಗ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅವುಗಳ ಬೆದೆಗಾಲ. ಗಂಡು ಎಲ್ಕ್‌ಗಳು ಎತ್ತರದ ಹುಲ್ಲುಗಾವಲುಗಳಿಂದ ಕಣಿವೆಗಿಳಿದು, ಹೆಣ್ಣುಗಳ ಹಿಂಡು ಕಟ್ಟಿಕೊಂಡು, ಹತ್ತಿರ ಬಂದ ಇನ್ನೊಂದು ಗಂಡನ್ನು ಕೂಗಿ ಬೆದರಿಸುತ್ತವೆ. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ, ತೀಕ್ಷ್ಣ ಸೀಟಿ ಹೊರಡುತ್ತದೆಂದರೆ ಮೊದಲ ಸಲ ನಂಬಿಕೆಯೇ ಬರುವುದಿಲ್ಲ. ಗಂಟಲಿನ ಆಳದಲ್ಲಿ ಶುರುವಾಗಿ, ಮೆಟ್ಟಿಲು ಹತ್ತಿದಂತೆ ಏರಿ, ತುದಿಯಲ್ಲಿ ಎರಡು ಮೂರು ಗುಟುರುಗಳಾಗಿ ಮುರಿದು ಬೀಳುತ್ತದೆ. ಆ ಸಂಜೆ ನಾವು ಕೆರೆಯ ಪಕ್ಕದ ಗಾಲ್ಫ್ ಮೈದಾನದ ಬೇಲಿಯಾಚೆ ನಿಂತು ನೋಡಿದೆವು. ಒಂದು ಗಂಡು, ಕೊಂಬಿನ ಕವಲುಗಳಲ್ಲಿ ಒಣಹುಲ್ಲು ಸಿಕ್ಕಿಸಿಕೊಂಡು, ಹಸಿರು ಹಾಸಿನ ಮೇಲೆ ಗಾಲ್ಫ್ ಬಾವುಟದ ಪಕ್ಕ ನಿಂತಿತ್ತು. ಕತ್ತಿನ ಕಪ್ಪುಗೂದಲು ಒದ್ದೆಯಾಗಿತ್ತು. ಕೆಸರಿನಲ್ಲಿ ಹೊರಳಿ ಬಂದಿರಬೇಕು. ತಲೆ ಹಿಂದಕ್ಕೆ ಚೆಲ್ಲಿ ಕೂಗಿದಾಗ ಬಾಯಿಂದ ಹೊಮ್ಮಿದ ಹಬೆ ತಂಪು ಗಾಳಿಯಲ್ಲಿ ಕ್ಷಣ ನಿಂತು ಕರಗಿತು. ನಾಲ್ಕು ಜನ ಆಟಗಾರರು ತಮ್ಮ ಪುಟ್ಟ ಗಾಡಿಯಲ್ಲಿ ಕುಳಿತು, ಅದು ದಾರಿ ಬಿಡುವವರೆಗೆ ಕಾಯುತ್ತಿದ್ದರು.

ಅಮ್ಮ ಅದನ್ನು ಕಡವೆ ಎಂದೇ ಕರೆದಳು. ಸಂಬಂಧದಲ್ಲಿ ಅದೇನೂ ತಪ್ಪಲ್ಲ, ಎರಡೂ ಒಂದೇ ಮನೆತನದವು. ಆದರೆ ಅವಳನ್ನು ಕಾಡಿದ್ದು ಆ ಆಟಗಾರರ ಸಮಾಧಾನ. "ನಮ್ಮಲ್ಲಿ ತೋಟಕ್ಕೆ ಆನೆ ಬಂದರೆ ಹೀಗೆ ಗಾಡಿಯಲ್ಲಿ ಕೂತು ನೋಡಲು ಆಗುತ್ತದೆಯೇ?" ಎಂದಳು. ಆಗುವುದಿಲ್ಲ. ಎಲ್ಕ್ ತುಳಿದ ಗಾಲ್ಫ್ ಹುಲ್ಲು ಯಾರ ಅನ್ನವೂ ಅಲ್ಲ. ಆನೆ ತುಳಿದ ಗದ್ದೆ ಅನ್ನವೇ. ಕಾಡುಪ್ರಾಣಿಯ ಜೊತೆಗಿನ ಸಹಬಾಳ್ವೆಯ ಬಗ್ಗೆ ಇಲ್ಲಿ ಕೇಳಿಬರುವ ಸುಂದರ ಮಾತುಗಳನ್ನು ಕೇಳುವಾಗಲೆಲ್ಲ ನನಗೆ ಈ ವ್ಯತ್ಯಾಸ ನೆನಪಾಗುತ್ತದೆ.

ಇನ್ನು ಆ ಎಲ್ಕ್‌ಗಳ ವಂಶಾವಳಿ. ಈ ಕಣಿವೆಯ ಮೂಲ ಎಲ್ಕ್‌ಗಳನ್ನು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬೇಟೆಗಾರರು ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದರು. ಮಾಂಸ ಡೆನ್ವರಿನ ಮಾರುಕಟ್ಟೆಗೆ ಹೋಗುತ್ತಿತ್ತು. 1870ರ ದಶಕದಲ್ಲಿ ಡನ್‌ರೇವನ್ ಎಂಬ ಐರಿಷ್ ಜಮೀನ್ದಾರ ಪ್ರಭು ಇಡೀ ಕಣಿವೆಯನ್ನೇ ತನ್ನ ಖಾಸಗಿ ಬೇಟೆಯ ಬಯಲಾಗಿಸಲು ಹೊರಟು, ಬೇರೆಯವರ ಹೆಸರಿನಲ್ಲಿ ಸುಳ್ಳು ಅರ್ಜಿ ಹಾಕಿಸಿ ಸಾವಿರಾರು ಎಕರೆ ಹೊಡೆದುಕೊಂಡಿದ್ದ. (ಬೇನಾಮಿ ವ್ಯವಹಾರ ನಮ್ಮದೇ ಸ್ವತ್ತು ಎಂದುಕೊಂಡಿದ್ದೆ.) ಎಲ್ಕ್ ಇಲ್ಲವಾದ ಮೇಲೆ ಊರಿನವರಿಗೆ ಏನೋ ಕಳೆದುಕೊಂಡಂತಾಯಿತು. 1913 ಮತ್ತು 1914ರಲ್ಲಿ ಊರಿನ ಅಭಿವೃದ್ಧಿ ಸಂಘವೂ ಅಮೆರಿಕದ ಅರಣ್ಯ ಇಲಾಖೆಯೂ ಸೇರಿ ಯೆಲ್ಲೋಸ್ಟೋನ್‌ನಿಂದ 49 ಎಲ್ಕ್‌ಗಳನ್ನು ತರಿಸಿದವು. ಲಯನ್ಸ್‌ವರೆಗೆ ರೈಲಿನಲ್ಲಿ, ಅಲ್ಲಿಂದ ಬೆಟ್ಟದ ದಾರಿಯಲ್ಲಿ. ಗಾಲ್ಫ್ ಮೈದಾನದಲ್ಲಿ ಠೀವಿಯಿಂದ ನಿಂತಿದ್ದ ಆ ಮಹಾಶಯನೂ ನಮ್ಮ ಹಾಗೆ ವಲಸೆ ಬಂದವರ ಪೈಕಿಯೇ.

ಅದೇ 1914ರ ಬೇಸಿಗೆಯಲ್ಲಿ ಇನ್ನೂ ಕೆಲವರನ್ನು ಇಲ್ಲಿಗೆ ಕರೆತಂದರು. ಅರಪಾಹೊ ಬುಡಕಟ್ಟಿನ ಹಿರಿಯರು. ಯೂಟ್ ಮತ್ತು ಅರಪಾಹೊ ಜನರ ಬೇಸಿಗೆಯ ನೆಲ ಇದು. ಅಷ್ಟು ಹೊತ್ತಿಗೆ ಅರಪಾಹೊಗಳನ್ನು ವ್ಯೋಮಿಂಗ್‌ನ ವಿಂಡ್ ರಿವರ್ ಮೀಸಲು ಪ್ರದೇಶಕ್ಕೂ ಒಕ್ಲಹೋಮಾಕ್ಕೂ ಅಟ್ಟಿಯಾಗಿತ್ತು. ರಾಷ್ಟ್ರೀಯ ಉದ್ಯಾನ ಮಾಡುವ ಮೊದಲು ಬೆಟ್ಟಗಳ ಹಳೆಯ ಹೆಸರುಗಳು ಬೇಕಾಗಿದ್ದವು. ಕೊಲೊರಾಡೋದ ಪರ್ವತಾರೋಹಿಗಳ ಸಂಘ ಇಬ್ಬರು ಹಿರಿಯರನ್ನೂ ಒಬ್ಬ ದುಭಾಷಿಯನ್ನೂ ವಿಂಡ್ ರಿವರ್‌ನಿಂದ ಕರೆಸಿ, ಎರಡು ವಾರ ಕುದುರೆಯ ಮೇಲೆ ಸುತ್ತಾಡಿಸಿ, ಹೆಸರುಗಳನ್ನು ಬರೆದುಕೊಂಡು, ವಾಪಸ್ಸು ಕಳುಹಿಸಿತು. ಎಲ್ಕ್‌ಗಳು ಉಳಿದುಕೊಂಡವು. ಊರಿನ ಇತಿಹಾಸದಲ್ಲಿ ಇವೆರಡೂ ಬೇರೆ ಬೇರೆ ಪುಟಗಳಲ್ಲಿ ಬರುತ್ತವೆ. ಒಂದೇ ಪುಟದಲ್ಲಿ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ತಂದು ಬಿಟ್ಟದ್ದು ಸುಲಭ, ಮುಂದಿನದ್ದು ಕಷ್ಟ. ಎಲ್ಕ್ ಬಂದವು, ಆದರೆ ತೋಳಗಳನ್ನು ಮೊದಲೇ ಕೊಂದು ಮುಗಿಸಿದ್ದರು. ಉದ್ಯಾನದೊಳಗೆ ಬೇಟೆಗೂ ಅವಕಾಶವಿಲ್ಲ. ಹೆದರಿಸುವವರಿಲ್ಲದ ಹಿಂಡುಗಳು ಹೊಳೆದಂಡೆಯ ವಿಲೋ ಪೊದೆಗಳನ್ನೂ ಆಸ್ಪೆನ್ ಸಸಿಗಳನ್ನೂ ನೆಲಮಟ್ಟಕ್ಕೆ ಮೇಯ್ದವು. ವಿಲೋ ಇಲ್ಲದಿದ್ದರೆ ಬೀವರ್ ಇಲ್ಲ, ಬೀವರ್ ಇಲ್ಲದಿದ್ದರೆ ಅವು ಕಟ್ಟುವ ಒಡ್ಡುಗಳಿಲ್ಲ, ಒಡ್ಡುಗಳಿಲ್ಲದಿದ್ದರೆ ಜೌಗು ಒಣಗುತ್ತದೆ. ಈಗ ಮೊರೇನ್ ಪಾರ್ಕ್ ಹುಲ್ಲುಗಾವಲಿನಲ್ಲಿ ಎತ್ತರದ ತಂತಿಬೇಲಿಗಳು ಕಾಣುತ್ತವೆ. ನಮ್ಮ ಮಗ ಒಳಗೆ ಯಾವ ಪ್ರಾಣಿಯನ್ನು ಕೂಡಿಹಾಕಿದ್ದಾರೆ ಎಂದು ಬೇಲಿಯ ಸುತ್ತ ಹುಡುಕಿದ. ಒಳಗಿರುವುದು ಗಿಡಗಳು, ಎಲ್ಕ್‌ಗಳನ್ನು ಹೊರಗಿಡಲು ಬೇಲಿ. ಬುಡದಲ್ಲಿ ಸಣ್ಣ ಪ್ರಾಣಿಗಳು ನುಸುಳುವಷ್ಟು ಜಾಗ ಬಿಟ್ಟಿದ್ದಾರೆ. ಫೋಟೋದಲ್ಲಿ ಈ ಬೇಲಿ ಬರಬಾರದೆಂದು ಜನ ಕ್ಯಾಮೆರಾ ಓರೆ ಮಾಡುವುದನ್ನು ನೋಡಿದ್ದೇನೆ. ನನಗೆ ಅದೇ ಬೇಕಾದ ಚಿತ್ರ. ಬೇಲಿಯ ಈಚೆ ಗೇಣುದ್ದದ ವಿಲೋ, ಆಚೆ ಆಳೆತ್ತರದ ವಿಲೋ.

ತೋಳಗಳೂ ಈಗ ಮರಳಿವೆ. 2020ರಲ್ಲಿ ಕೊಲೊರಾಡೋದ ಮತದಾರರು ತೀರಾ ಕಡಿಮೆ ಅಂತರದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. 2023ರ ಡಿಸೆಂಬರ್‌ನಲ್ಲಿ ಒರೆಗಾನ್‌ನಿಂದ ತಂದ ಹತ್ತು ತೋಳಗಳನ್ನು ಡಿವೈಡ್‌ನ ಪಶ್ಚಿಮ ಬದಿಯಲ್ಲಿ ಬಿಟ್ಟರು. ಮತ ಹಾಕಿದವರಲ್ಲಿ ಹೆಚ್ಚಿನವರು ಪೂರ್ವದ ನಗರದವರು, ಕರು ಕಳೆದುಕೊಳ್ಳುವವರು ಪಶ್ಚಿಮದ ದನಗಾರರು. ನೀರಿನ ಜಗಳವೇ ಇನ್ನೊಂದು ವೇಷದಲ್ಲಿ.

ಪೇಟೆಬೀದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಕ್‌ಹಾರ್ನ್ ಅವೆನ್ಯೂ ಉದ್ದಕ್ಕೂ ಟೀಶರ್ಟ್, ಮಿಠಾಯಿ, ಕರಡಿಯ ಬೊಂಬೆ. ಮಕ್ಕಳಿಗೆ ಅದೇ ಸ್ವರ್ಗ, ನನ್ನ ತಾಳ್ಮೆ ಅರ್ಧ ಬೀದಿಗೆ ಮುಗಿಯುತ್ತದೆ. ಆದರೆ ಅಂಗಡಿಗಳ ಹಿಂಬದಿಯಲ್ಲಿ ಹೊಳೆಯ ಗುಂಟ ನಡೆದಾಡುವ ಹಾದಿಯೊಂದಿದೆ. ಅದು ರೂಪ ಪಡೆದದ್ದು ಈ ಬೀದಿ ಒಮ್ಮೆ ಕೆಸರಿನಲ್ಲಿ ಮುಳುಗೆದ್ದ ಮೇಲೆ. ಆ ಕತೆ ಹೇಳಬೇಕಾದರೆ ಬೆಟ್ಟದ ಮೇಲಕ್ಕೆ ಹೋಗಬೇಕು.

ಉದ್ಯಾನದೊಳಗೆ, ಹಾರ್ಸ್‌ಶೂ ಪಾರ್ಕಿನ ಅಂಚಿನಲ್ಲಿ, ಅಲ್ಯೂವಿಯಲ್ ಫ್ಯಾನ್ ಎಂಬ ಜಾಗವಿದೆ. ಮನೆಯಷ್ಟು, ಕಾರಿನಷ್ಟು, ಕುಂಬಳಕಾಯಿಯಷ್ಟು ಬಂಡೆಗಳು ಬೀಸಣಿಗೆಯ ಆಕಾರದಲ್ಲಿ ಚೆಲ್ಲಿಕೊಂಡಿವೆ. ನಡುವೆ ರೋರಿಂಗ್ ರಿವರ್ ಧುಮುಕುತ್ತದೆ. ನಮ್ಮ ಮಕ್ಕಳ ಪ್ರಕಾರ ಇಡೀ ಕೊಲೊರಾಡೋದಲ್ಲಿ ಇದಕ್ಕಿಂತ ಒಳ್ಳೆಯ ಆಟದ ಮೈದಾನವಿಲ್ಲ. ಮಗಳು ಕಲ್ಲಿಂದ ಕಲ್ಲಿಗೆ ಹಾರುತ್ತಾ, ಇದು ಹಿಮಯುಗದ ಕೆಲಸ ಎಂದು ಅಜ್ಜಿಗೆ ಪಾಠ ಹೇಳುತ್ತಿದ್ದಳು. ಕಣಿವೆ ಹಿಮನದಿಯ ಕೆಲಸವೇ ಸರಿ. ಆದರೆ ಈ ಬಂಡೆರಾಶಿ ಬಂದದ್ದು 1982ರ ಜುಲೈ 15ರ ಬೆಳಿಗ್ಗೆ. ನನಗಿಂತ ಕೆಲವೇ ವರ್ಷ ದೊಡ್ಡದು.

ಮೇಲೆ ಲಾನ್ ಲೇಕ್ ಎಂಬ ಸರೋವರಕ್ಕೆ 1903ರಲ್ಲಿ ಬಯಲಿನ ರೈತರು ನೀರಾವರಿಗಾಗಿ ಮಣ್ಣಿನ ಕಟ್ಟೆ ಹಾಕಿದ್ದರು. ಉದ್ಯಾನ ಆಗುವುದಕ್ಕೂ ಹನ್ನೆರಡು ವರ್ಷ ಮೊದಲು. ಎಂಟು ದಶಕ ಕಳೆಯುವ ಹೊತ್ತಿಗೆ ತೂಬಿನ ಕೊಳವೆಯ ಬಳಿ ನೀರು ಜಿನುಗಿ ಒಳಗೊಳಗೇ ಮಣ್ಣು ಕೊರೆದು ಕಟ್ಟೆ ಒಡೆಯಿತು. ನಸುಕಿನಲ್ಲಿ ಕಸ ಸಂಗ್ರಹಿಸಲು ಬಂದಿದ್ದ ಕೆಲಸಗಾರನೊಬ್ಬ ಆರ್ಭಟ ಕೇಳಿ, ಮರಗಳು ಗಾಳಿಯಲ್ಲಿ ಹಾರುವುದನ್ನು ಕಂಡು, ತುರ್ತು ಫೋನಿಗೆ ಓಡಿದ. ಆ ಫೋನು ಎಷ್ಟು ಜೀವ ಉಳಿಸಿತೋ ಲೆಕ್ಕವಿಲ್ಲ. ಆದರೂ ಮೂವರು ತೀರಿಕೊಂಡರು. ದಾರಿಯಲ್ಲಿದ್ದ ಇನ್ನೊಂದು ಸಣ್ಣ ಅಣೆಕಟ್ಟನ್ನೂ ಒಡೆದು, ನೀರು ಪೇಟೆಬೀದಿಗೆ ನುಗ್ಗಿತು. ಆಮೇಲೆ ಉದ್ಯಾನದೊಳಗಿದ್ದ ಇಂಥ ಬೇರೆ ಹಳೆಯ ಕಟ್ಟೆಗಳನ್ನು ಒಂದೊಂದಾಗಿ ತೆಗೆಸಿದರು. 2013ರ ಸೆಪ್ಟೆಂಬರಿನ ಮಹಾಮಳೆ ಮತ್ತೆ ಇದೇ ಬಂಡೆಗಳನ್ನು ಸರಿಸಿ, ಕಾಲುದಾರಿಯನ್ನು ಒಯ್ದಿತು. ಅದನ್ನೂ ಮತ್ತೆ ಕಟ್ಟಿದರು.

1982ರ ಆ ನೀರು ಕೊಚ್ಚಿ ಕೆಡಿಸಿದ್ದರಲ್ಲಿ ಫಾಲ್ ರಿವರ್‌ನ ಪುಟ್ಟ ವಿದ್ಯುದಾಗಾರವೂ ಒಂದು. ಈಗ ಅದು ವಸ್ತುಸಂಗ್ರಹಾಲಯ. ಅದನ್ನು ಕಟ್ಟಿಸಿದವನು ಎಫ್. ಓ. ಸ್ಟ್ಯಾನ್ಲಿ, ಅವಳಿ ಸೋದರನ ಜೊತೆ ಹಬೆಯಿಂದ ಓಡುವ ಕಾರು ತಯಾರಿಸಿದವನು. ಕ್ಷಯರೋಗ ತಗುಲಿ, ಬೆಟ್ಟದ ಗಾಳಿಗೆಂದು ವೈದ್ಯರ ಮಾತಿನಂತೆ 1903ರಲ್ಲಿ ಕೊಲೊರಾಡೋಕ್ಕೆ ಬಂದವನು ಇಲ್ಲಿ ಚೇತರಿಸಿಕೊಂಡು, 1909ರಲ್ಲಿ ಬಿಳಿಯ ದೊಡ್ಡ ಹೋಟೆಲು ತೆರೆದ. ಅದರ ದೀಪಗಳಿಗಾಗಿ ಹೊಳೆಗೆ ಯಂತ್ರ ಕೂರಿಸಿದ. ಬದುಕಿದ್ದು 91ರವರೆಗೆ. ಜನ ಆ ಹೋಟೆಲಿಗೆ ದೆವ್ವ ಹುಡುಕಿಕೊಂಡು ಹೋಗುತ್ತಾರೆ. ನನ್ನ ಕೇಳಿದರೆ, ಆ ವಿದ್ಯುದಾಗಾರದ ಹಳೆಯ ಟರ್ಬೈನ್ ಮುಂದೆ ಹತ್ತು ನಿಮಿಷ ನಿಲ್ಲುವುದು ಮೇಲು.

ಮರುದಿನ ಟ್ರೇಲ್ ರಿಡ್ಜ್ ರಸ್ತೆ. 1932ರಲ್ಲಿ ತೆರೆದ ಈ 48 ಮೈಲಿಯ ರಸ್ತೆ 12,183 ಅಡಿಯವರೆಗೆ ಏರುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಹಿಮಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಮರಗಳು ಕುಳ್ಳಾಗುತ್ತಾ, ಗಾಳಿಗೆ ಒಂದೇ ಕಡೆ ಬಾಗುತ್ತಾ, ಕೊನೆಗೆ ಇಲ್ಲವಾಗುತ್ತವೆ. ಅಮ್ಮನಿಗೆ ಉಸಿರು ಸಾಲದು ಅನಿಸಿ ಕಾರಿನಲ್ಲೇ ಕುಳಿತಳು. ನಾವು ಕಲ್ಲುರಾಶಿಯ ಬಳಿ ಪೀಕಾ ಕಾಯುತ್ತಾ ನಿಂತೆವು. ಮುಷ್ಟಿಗಿಂತ ತುಸು ದೊಡ್ಡದು, ಮೊಲದ ನೆಂಟ, ಬಾಲವಿಲ್ಲ. ಚಳಿಗಾಲವಿಡೀ ನಿದ್ದೆ ಮಾಡುವ ಜಾತಿಯಲ್ಲ ಅದು. ಹಿಮದಡಿ ಎಚ್ಚರವಾಗಿಯೇ ಇರಬೇಕು. ಅದಕ್ಕಾಗಿ ಹುಲ್ಲು ಕಿತ್ತು ತಂದು ಕಲ್ಲಿನ ಸಂದಿಯಲ್ಲಿ ಬಣವೆ ಒಟ್ಟುತ್ತದೆ. ಬಾಯಿಯ ಎರಡೂ ಕಡೆಯಿಂದ ಒಣ ದಂಟುಗಳು ಚಾಚಿಕೊಂಡಿದ್ದ ಒಂದು ಪೀಕಾ ನಮ್ಮನ್ನು ನೋಡಿ ನಿಂತಿತು, 'ಈಕ್' ಎಂದು ಬೈಯಿತು, ಕೆಲಸಕ್ಕೆ ಹೋಯಿತು. ಮಗಳು ಓಡಿಬಂದು ಕಾರಿನ ಕಿಟಕಿಯಲ್ಲಿ ಅಜ್ಜಿಗೆ ವರದಿ ಒಪ್ಪಿಸಿದಳು. "ಅಷ್ಟು ಚಿಕ್ಕದಕ್ಕೂ ಮುಂಗಾಣ್ಕೆ ಇದೆ, ನಿಮ್ಮಪ್ಪ ನೋಡು ಸ್ವೆಟರ್ ತಂದಿಲ್ಲ" ಎಂದಳು ಅಮ್ಮ.

ಆ ಎತ್ತರದಿಂದ ಪಶ್ಚಿಮಕ್ಕೆ ನೋಡಿದರೆ ಸುಟ್ಟ ಕಾಡು. 2020ರ ಅಕ್ಟೋಬರ್‌ನಲ್ಲಿ ಈಸ್ಟ್ ಟ್ರಬಲ್‌ಸಮ್ ಬೆಂಕಿ ಡಿವೈಡ್‌ನ ಬೋಳು ಬಂಡೆಗಳನ್ನೇ ಹಾರಿ ಈ ಕಡೆಗೆ ಬಂತು. ಮರವೇ ಇಲ್ಲದ ಆ ನೆತ್ತಿಯನ್ನು ಬೆಂಕಿ ದಾಟುವುದು ಕಷ್ಟ ಎಂದೇ ಎಣಿಕೆಯಿತ್ತು. ಅಕ್ಟೋಬರ್ 22ರಂದು ಎಸ್ಟಸ್ ಪಾರ್ಕಿನವರೆಲ್ಲ ಊರು ಬಿಡಬೇಕಾಯಿತು. ಎರಡು ಮೂರು ದಿನಗಳಲ್ಲಿ ಬಿದ್ದ ಹಿಮ ಊರನ್ನು ಉಳಿಸಿತು. ಆ ವಾರ ನಮ್ಮ ಮನೆಯ ಅಂಗಳದಲ್ಲೂ ಬೂದಿಯ ವಾಸನೆ. ನಾವು ಉಳಿದುಕೊಳ್ಳುತ್ತಿದ್ದ ಕಾಟೇಜು, ನೋಡಿದ ಹಾದಿಗಳು ಏನಾದವೋ ಎಂದು ನಕ್ಷೆ ತೆರೆದು ಕುಳಿತುಬಿಡುತ್ತಿದ್ದೆ. ಅದು ನನ್ನ ಊರಲ್ಲ, ಅಲ್ಲಿ ನನ್ನದೆಂಬ ಒಂದು ಅಂಗುಲವೂ ಇಲ್ಲ. ಹಾಗಿದ್ದೂ ಅಷ್ಟು ಕಳವಳ ಯಾಕೆ ಎಂದು ಆಗ ನನ್ನನ್ನೇ ಕೇಳಿಕೊಂಡದ್ದುಂಟು. ಮುಟ್ಟದ ಪ್ರಕೃತಿಯಾಗಿದ್ದರೆ ಬೆಂಕಿಯೂ ಅದರದೇ ಒಂದು ಋತು ಎಂದುಕೊಳ್ಳಬಹುದಿತ್ತೇನೋ. ಇದು ಯಾರ ಯಾರದೋ ಕೈ ತಗುಲಿದ ಜಾಗ, ಕೆಟ್ಟ ಕೈಗಳೂ ಸೇರಿ. ಅಷ್ಟು ದುಡಿಮೆ ಬೂದಿಯಾಗುವುದನ್ನು ನೋಡುವುದು ಬೇರೆ.

ಹಿಂದಿರುಗುವ ದಾರಿಯಲ್ಲಿ ಮಾತು ಮುಂದಿನ ವರ್ಷಕ್ಕೆ ಹೊರಳಿತು. ಮಗಳಿಗೆ ಜೂನ್‌ನಲ್ಲಿ ಬರಬೇಕು, ರಸ್ತೆಯ ಎರಡೂ ಕಡೆ ಹಿಮದ ಗೋಡೆಗಳಿರುವಾಗ. ಅಮ್ಮ ಇನ್ನೊಮ್ಮೆ ಬಂದರೆ ತೋಳ ನೋಡಬೇಕಂತೆ, ಎಲ್ಕ್ ಸಾಕಾಗಿದೆ. ನನ್ನ ಗಂಡ ಎಂದಿನಂತೆ ಲೆಕ್ಕಕ್ಕಿಳಿದ. ಉದ್ಯಾನಕ್ಕೆ ಕಾರಿಗೆ ದಿನಕ್ಕೆ 30 ಡಾಲರ್, ಅದರ ಮೇಲೆ ಸಮಯ ಕಾಯ್ದಿರಿಸುವ ರಗಳೆ ಬೇರೆ. ಆದರೆ ಅಮೆರಿಕದ ನಾಲ್ಕನೆಯ ತರಗತಿಯ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಒಂದು ವರ್ಷ ಉಚಿತ, ಕಾರಿನಲ್ಲಿರುವ ಮನೆಯವರಿಗೂ ಸೇರಿಸಿ. ಈ ಸಲ ನಾವು ಒಳಗೆ ಹೋದದ್ದು ಮಗಳ ಪಾಸಿನ ಮೇಲೆ. ಅವಳು ಇಡೀ ದಿನ ಯಜಮಾನಿಯ ಗತ್ತಿನಲ್ಲಿದ್ದಳು. ಪಾಸು ಆಗಸ್ಟ್ 31ಕ್ಕೆ ಮುಗಿಯುತ್ತದೆ, ಹಾಗಾಗಿ ಜೂನ್ ಪ್ರವಾಸ ಲಾಭವೇ. ಮಗ ಈಗ ಎರಡನೆಯ ತರಗತಿ. ನಡುವೆ ಒಂದು ವರ್ಷ ಮಾತ್ರ ದುಡ್ಡು ಕೊಡಬೇಕಾಗುತ್ತದೆ, ಆ ವರ್ಷ ಬೇಕಾದರೆ ಬೇರೆ ಊರು ನೋಡೋಣ ಎಂದ. ಹಿಂದಿನ ಸೀಟಿನಿಂದ ಮೂರು ದನಿಗಳು ಒಟ್ಟಿಗೇ ಬೇಡ ಎಂದವು.